ಗಿರಣಿಗೆ ಕಾಯಕವೆಂದು ಹೆಸರಿಟ್ಟವರು ಯಾರು?

ಅಫಜಲಪುರ ತಾಲ್ಲೂಕಿನ ಕರಜಗಿಯವರಿಗೆ ಗಡಿ ದಾಟಿದರೆ ಸಿಗುವ ದೊಡ್ಡ ಊರು ಸೊಲ್ಲಾಪುರ. ಹನ್ನೆರಡನೆಯ ಶತಮಾನದಲ್ಲಿ ಅದು ಸೊನ್ನಲಿಗೆ. ಸಿದ್ಧರಾಮ ಅಲ್ಲಿ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಊರ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದ ಎಂಬುದು ಆ ಊರಿನ ನೆನಪು. ಏಳು ಶತಮಾನ ಕಳೆದ ಮೇಲೆ, 1877ರಲ್ಲಿ, ಅದೇ ಊರಿನಲ್ಲಿ ಹತ್ತಿ ಗಿರಣಿಯ ಚಿಮಣಿ ಎದ್ದಿತು. ಮುಂದೆ ಬೇರೆ ಗಿರಣಿಗಳು ಬಂದಾಗ ಜನ ಅದನ್ನು ಜುನಿ ಮಿಲ್ ಅಂದರು, ಹಳೆಯ ಗಿರಣಿ. ಇತ್ತ 1880ರ ದಶಕದಲ್ಲಿ ಕಲಬುರಗಿಯಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಮಹಬೂಬ್ ಶಾಹಿ ಗಿರಣಿ ಶುರುವಾಯಿತು. ಘಟಪ್ರಭೆಯ ನೀರಿನ ಬಲ ನಂಬಿ ಗೋಕಾಕ ಫಾಲ್ಸಿನಲ್ಲಿ 1887ರಲ್ಲಿ ಇನ್ನೊಂದು ಶುರುವಾಯಿತು. ಎರಿ ಹೊಲದ ಹತ್ತಿ ಈ ಊರುಗಳ ಕಡೆ ಹೊರಟಿತು, ಅದರ ಹಿಂದೆಯೇ ಹೊಲದ ಜನರೂ ಹೊರಟರು. ಇವತ್ತು ಆ ಗಿರಣಿಗಳ ದುಡಿಮೆಯ ಮಾತು ಬಂದಾಗಲೆಲ್ಲ ನಮ್ಮ ಭಾಷಣಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಒಂದು ಪದ ಸಲೀಸಾಗಿ ಬಂದು ಕೂಡುತ್ತದೆ: ಕಾಯಕ. ಕಾರ್ಮಿಕರು ಹನ್ನೆರಡು ತಾಸು ಕಾಯಕ ಮಾಡಿದರು, ಗಿರಣಿ ಕಾಯಕಭೂಮಿಯಾಗಿತ್ತು ಎಂದೆಲ್ಲ ಬರೆಯುತ್ತೇವೆ. ಈ ಪದ ಅಲ್ಲಿ ಕೂಡುವುದು ಸರಿಯೇ ಎಂಬುದು ಈ ಲೇಖನದ ಪ್ರಶ್ನೆ. ಇದು ನಿಘಂಟಿನ ಪ್ರಶ್ನೆಯಲ್ಲ. ಯಾವ ದುಡಿಮೆ ಮನುಷ್ಯನನ್ನು ಎತ್ತುತ್ತದೆ, ಯಾವುದು ಬರೀ ಸವೆಸುತ್ತದೆ, ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಅಧಿಕಾರ ಯಾರಿಗಿದೆ ಎಂಬ ಧರ್ಮದ ಪ್ರಶ್ನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ದುಡಿಮೆಗೆ ಕಾಯಕ ಎಂಬ ಹೆಸರನ್ನು ದುಡಿದವನು ಇಟ್ಟುಕೊಳ್ಳಬಹುದು, ದುಡಿಸಿಕೊಂಡವನು ಇಡುವಂತಿಲ್ಲ. ಶರಣರ ಬಗ್ಗೆ ಉಳಿದುಬಂದ ಕಥೆಗಳನ್ನೇ ಸಾಕ್ಷಿಗೆ ಕರೆಯೋಣ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆಯುವವನು. ಅವನ ಲಿಂಗ ನೀರಿಗೆ ಬಿತ್ತು, ಆದರೆ ಅವನು ಕೆಲಸ ಬಿಟ್ಟು ಅದರ ಬೆನ್ನು ಹತ್ತಲಿಲ್ಲ. ಲಿಂಗವೇ ಅವನ ಹಿಂದೆ ಬಂದಾಗ, ಬರುವುದಾದರೆ ನೀನೂ ಕಾಯಕ ಮಾಡು ಎಂದು ಅದನ್ನೇ ಹಗ್ಗ ಮಾರಲು ಕಳಿಸಿದ. ಅದು ಹಗ್ಗದ ತಕ್ಕ ಬೆಲೆಗಿಂತ ಹೆಚ್ಚು ತಂದದ್ದನ್ನು ಅವನು ಒಪ್ಪಲಿಲ್ಲ. ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯ ನೇಕಾರ. ಬಹುಕಾಲ ಕೂತು ನೇಯ್ದ ಬಟ್ಟೆಯನ್ನು ಬೇಡಿ ಬಂದ ಮುದುಕನಿಗೆ ಕೊಟ್ಟ, ಆ ಮುದುಕ ಕಣ್ಣೆದುರೇ ಅದನ್ನು ಹರಿದು ಚಿಂದಿ ಮಾಡಿದರೂ ಬೇಸರಪಡಲಿಲ್ಲ. ಕಾಶ್ಮೀರದ ಅರಸನಾಗಿದ್ದ ಎನ್ನುವ ಮೋಳಿಗೆ ಮಾರಯ್ಯ ಪಟ್ಟ ಬಿಟ್ಟು ಬಂದು ಸೌದೆ ಹೊತ್ತ. ಈ ಕಥೆಗಳು ಚರಿತ್ರೆಯ ದಾಖಲೆಗಳಲ್ಲ, ಇರಲಿ. ಒಂದು ಸಮುದಾಯ ಕಾಯಕ ಎಂದರೆ ಏನೆಂದು ತಿಳಿದಿತ್ತು ಎಂಬುದಕ್ಕೆ ಇವಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಎಲ್ಲದರಲ್ಲೂ ತೀರ್ಮಾನ ಮಾಡುವವರು ದುಡಿದವರೇ. ಎಷ್ಟು ತರಬೇಕು, ಎಷ್ಟಕ್ಕೆ ಮಾರಬೇಕು, ಯಾರಿಗೆ ಕೊಡಬೇಕು, ಹೆಚ್ಚಾದದ್ದನ್ನು ಏನು ಮಾಡಬೇಕು, ಈ ಕೆಲಸ ಬೇಕೋ ಬೇಡವೋ ಎಂಬ ಪ್ರಶ್ನೆಗಳೆಲ್ಲ ಲಕ್ಕಮ್ಮನ ಹೊಸ್ತಿಲಲ್ಲಿ, ಚಂದಯ್ಯನ ಕೈಯಲ್ಲಿ ಇತ್ಯರ್ಥವಾಗುತ್ತವೆ. ಕಷ್ಟಪಡುವುದು ಕಾಯಕದ ಲಕ್ಷಣವೇ ಆಗಿದ್ದರೆ ಗಾಣದ ಎತ್ತು ಎಲ್ಲ ಶರಣರಿಗಿಂತ ದೊಡ್ಡದಾಗುತ್ತಿತ್ತು.

ಇನ್ನು ಗಿರಣಿಯ ಊರಿನ ಕಟ್ಟಡಗಳನ್ನು ಇದೇ ಕಣ್ಣಿನಿಂದ ನೋಡೋಣ. ಕಟ್ಟಡಗಳು ಸುಳ್ಳು ಹೇಳುವುದು ಕಡಿಮೆ. ಯಾವ ಹಳೆಯ ಗಿರಣಿಯ ವಠಾರಕ್ಕೆ ಹೋದರೂ ಎತ್ತರದ ಕಂಪೌಂಡು, ಅದಕ್ಕೆ ಒಂದೇ ದೊಡ್ಡ ಗೇಟು, ಗೇಟಿನ ಬಗಲಿಗೆ ಹಾಜರಿ ಹಿಡಿಯುವ ಕೋಣೆ, ನಡುವೆ ಚಿಮಣಿ, ಹೊರಗೆ ಸಾಲು ಸಾಲು ಚಾಳ, ದೂರದಲ್ಲಿ ಮರಗಳ ನಡುವೆ ಮ್ಯಾನೇಜರರ ಬಂಗಲೆ. ಊರಿನಲ್ಲಿ ಮೊದಲು ಹೊತ್ತನ್ನು ಹೇಳುತ್ತಿದ್ದುದು ಸೂರ್ಯ, ಗುಡಿಯ ಗಂಟೆ, ಮಸೀದಿಯ ಬಾಂಗು. ಈಗ ಭೋಂಗಾ, ಅಂದರೆ ಗಿರಣಿಯ ಕೂಗು, ಹೇಳತೊಡಗಿತು. ಮೊದಲ ಭೋಂಗಾಕ್ಕೆ ಏಳಬೇಕು, ಎರಡನೆಯದಕ್ಕೆ ಗೇಟಿನಲ್ಲಿರಬೇಕು, ಮೂರನೆಯದಕ್ಕೆ ಗೇಟು ಮುಚ್ಚುತ್ತದೆ. 1911ರ ಕಾಯಿದೆ ಬರುವ ತನಕ ವಯಸ್ಕ ಗಂಡಸರು ಬಟ್ಟೆ ಗಿರಣಿಯಲ್ಲಿ ಎಷ್ಟು ತಾಸು ದುಡಿಯಬೇಕೆಂಬುದಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ಮಿತಿಯೇ ಇರಲಿಲ್ಲ. ಅದು ಹಾಕಿದ ಮಿತಿಯೂ ದಿನಕ್ಕೆ ಹನ್ನೆರಡು ತಾಸು. 1922ರಲ್ಲಿ ಹನ್ನೊಂದು, 1934ರಲ್ಲಿ ಹತ್ತು, 1946ರಲ್ಲಿ ಒಂಬತ್ತು. ಕೆಲಸಕ್ಕೆ ತೆಗೆದುಕೊಳ್ಳುವವನು ಮಾಲಿಕನೂ ಅಲ್ಲ, ಜಾಬರ್. ಅವನ ಕೈ ಬೆಚ್ಚಗೆ ಮಾಡಿದವನಿಗೆ ಸಾಂಚಾ, ಅಂದರೆ ಮಗ್ಗ, ಮಾಡದವನು ಬದಲಿಯಾಗಿ ದಿನವೂ ಗೇಟಿನ ಮುಂದೆ ಕಾಯಬೇಕು. ಕಾರ್ಮಿಕರ ಸ್ಥಿತಿ ನೋಡಲು ಬಂದ ರಾಯಲ್ ಕಮಿಷನ್ 1931ರ ವರದಿಯಲ್ಲಿ ಈ ಲಂಚವನ್ನೂ ದಾಖಲಿಸಿತು. ಬಹುತೇಕ ಕೈಗಾರಿಕಾ ಊರುಗಳಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಮಿಕರು ಸಾಲದಲ್ಲಿದ್ದಾರೆ ಎಂದೂ ಅಂದಾಜಿಸಿತು. ಲಕ್ಕಮ್ಮನ ಹೊಸ್ತಿಲಿನಲ್ಲಿ ಇತ್ಯರ್ಥವಾಗುತ್ತಿದ್ದ ಪ್ರಶ್ನೆಗಳಲ್ಲಿ ಒಂದಾದರೂ ಚಾಳದ ಖೋಲಿಯೊಳಗೆ ಇತ್ಯರ್ಥವಾಗುವಂತಿತ್ತೇ? ನೇಯ್ದ ಬಟ್ಟೆಯ ಬೆಲೆ ಗೊತ್ತಿಲ್ಲ, ಕೊಂಡವರು ಗೊತ್ತಿಲ್ಲ, ಹೆಚ್ಚಾದದ್ದು ಎಲ್ಲಿಗೆ ಹೋಯಿತೆಂಬುದು ಲೆಕ್ಕದ ಪುಸ್ತಕಕ್ಕೆ ಮಾತ್ರ ಗೊತ್ತು. ಹೆಚ್ಚಾದದ್ದು ಲಕ್ಕಮ್ಮನಿಗೆ ಹೊರೆ, ಗಿರಣಿಗಾದರೋ ಅದು ಹುಟ್ಟಿದ್ದೇ ಅದಕ್ಕಾಗಿ.

ಸೊಲ್ಲಾಪುರದ ಗಿರಣಿಗಳ ಹೆಸರುಗಳನ್ನು ಕೇಳಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಒಂದು ಲಕ್ಷ್ಮಿ, ಇನ್ನೊಂದು ವಿಷ್ಣು, ಕೊನೆಗೆ ಎರಡೂ ಸೇರಿ ಲಕ್ಷ್ಮಿ ವಿಷ್ಣು. ಮತ್ತೊಂದು ನರಸಿಂಗಗಿರಜಿ, ಹೈದರಾಬಾದಿನ ಗೋಸಾವಿ ಸಾಹುಕಾರ ಮನೆತನದ ಹೆಸರು ಅದು. ಸಂನ್ಯಾಸಿಯ ಗುರುಪರಂಪರೆಯಲ್ಲಿ ಬಂದ ಹಣ ನೂಲಿನ ಗಿರಣಿಯಾಯಿತು. ಇದನ್ನು ಹಂಗಿಸುವುದು ಸುಲಭ, ಹಂಗಿಸಬೇಕಾಗಿಯೂ ಇಲ್ಲ. ಅಂಗಡಿ ತೆರೆಯುವವನು ದೇವರ ಹೆಸರಿಡುವುದು ನಮ್ಮಲ್ಲಿ ರೂಢಿ. ಆದರೆ ಹೆಸರು ಮೇಲಿನಿಂದ ಬಂದಿತ್ತು ಎಂಬುದನ್ನು ಗುರುತಿಸಬೇಕು. ಸಾಂಚಾದ ಮುಂದೆ ನಿಂತವನು ತನ್ನ ಗಿರಣಿಗೆ ಲಕ್ಷ್ಮಿ ಎಂದು ಹೆಸರಿಡಲಿಲ್ಲ. ಅವನು ಹೆಸರಿಟ್ಟದ್ದು ಜುನಿ ಮಿಲ್ ಎಂಬ, ದೇವರಿಲ್ಲದ, ವಯಸ್ಸನ್ನಷ್ಟೇ ಹೇಳುವ ಹೆಸರು. ಕಲಬುರಗಿಯಲ್ಲೂ ಹಾಗೆಯೇ. ಮಹಬೂಬ್ ಶಾಹಿ ಎಂಬ ರಾಜವೈಭವದ ಹೆಸರು ಜನರ ಬಾಯಲ್ಲಿ ಎಂ.ಎಸ್.ಕೆ. ಎಂಬ ಮೂರು ಅಕ್ಷರವಾಗಿ, ಗಿರಣಿ ಮುಚ್ಚಿದ ಮೇಲೂ ಒಂದು ಬಡಾವಣೆಯ ಗುರುತಾಗಿ ಉಳಿದುಕೊಂಡಿತು.

ಸೊಲ್ಲಾಪುರದಲ್ಲೇ ಇನ್ನೂ ಒಂದು ಬಗೆಯ ಕಟ್ಟಡವಿತ್ತು. ನನ್ನ ವಾದಕ್ಕೆ ಅದೇ ಎಲ್ಲಕ್ಕಿಂತ ಗಟ್ಟಿ ಆಧಾರ. ಆ ಭಾಗವನ್ನು ಜನ ಇಂದಿಗೂ ಸೆಟ್ಲಮೆಂಟ್ ಎನ್ನುತ್ತಾರೆ. ಕೈಕಾಡಿ, ಟಕಾರಿ, ಪಾರಧಿ ಮೊದಲಾದ ಸಮುದಾಯಗಳಿಗೆ ಬ್ರಿಟಿಷ್ ಸರಕಾರ ಕಾಯಿದೆ ಮಾಡಿ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿ, ತಂತಿಬೇಲಿಯೊಳಗೆ ಇಟ್ಟ ಜಾಗ ಅದು. ಹಗಲು ಗಿರಣಿಗೆ ಹೋಗಿ ದುಡಿಯಬೇಕು, ಹೊತ್ತಿಗೆ ಸರಿಯಾಗಿ ಮರಳಿ ಹಾಜರಿ ಕೊಡಬೇಕು. ಅದನ್ನು ನೋಡಿಕೊಂಡವರು ಅಮೆರಿಕನ್ ಮರಾಠಿ ಮಿಷನ್ನಿನವರು. ದುಡಿಮೆ ಮನುಷ್ಯನನ್ನು ತಿದ್ದುತ್ತದೆ, ಪಾಪದಿಂದ ಬಿಡಿಸುತ್ತದೆ ಎಂದು ಅವರು ನಂಬಿದ್ದರು, ಆ ನಂಬಿಕೆಯ ಪ್ರಾಮಾಣಿಕತೆಯನ್ನು ಸಂಶಯಿಸಬೇಕಿಲ್ಲ. ಹೊರಗಿನಿಂದ ನೋಡಿದರೆ ಅದು ಕಾಯಕ ತತ್ತ್ವಕ್ಕೆ ಹತ್ತಿರವಾಗಿಯೇ ಕೇಳುತ್ತದೆ: ಸೋಮಾರಿತನ ಬೇಡ, ಕಳವು ಬೇಡ, ದುಡಿದು ತಿನ್ನು. ಆದರೆ ತಂತಿಬೇಲಿ ಹಾಕಿ ದುಡಿಮೆಯಿಂದ ಮುಕ್ತಿ ಎಂದರೆ, ಅಲ್ಲಿ ಮುಕ್ತಿ ಸಿಗುವುದು ಬೇಲಿ ಹಾಕಿದವರ ಮನಸ್ಸಾಕ್ಷಿಗೆ. ಗಿರಣಿಗೆ ಮಾತ್ರ ತಪ್ಪಿಸಿಕೊಂಡು ಹೋಗಲಾರದ ಕೈಗಳು ಸಿಕ್ಕವು. ಆ ಕಾಯಿದೆ ರದ್ದಾಗಿ ಅವರು ಬಿಡುಗಡೆಯಾದದ್ದು 1952ರ ಆಗಸ್ಟ್ 31ರಂದು, ದೇಶ ಸ್ವತಂತ್ರವಾಗಿ ಐದು ವರ್ಷದ ಮೇಲೆ.

ಇದು ನಮ್ಮ ಕಡೆಯ ವಿಚಿತ್ರವೇನೂ ಅಲ್ಲ. ಇಂಗ್ಲೆಂಡಿನ ಟೈಟಸ್ ಸಾಲ್ಟ್ 1853ರಲ್ಲಿ ಸಾಲ್ಟೇರ್ ಗಿರಣಿ ತೆರೆದು, ಅದರ ಸುತ್ತ ಒಂದು ಊರನ್ನೇ ಕಟ್ಟಿದ. 1859ರಲ್ಲಿ ಮುಗಿದ ಅವನ ಚರ್ಚು ಗಿರಣಿಯ ಎದುರಿಗೇ ನಿಂತಿದೆ. ಒಂದರಿಂದ ಹೊರಬಿದ್ದರೆ ಇನ್ನೊಂದು ಕಾಣಲೇಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿ ಗಿರಣಿಯ ಹಳ್ಳಿಗಳೇ ಒಂದು ಪ್ರತ್ಯೇಕ ಲೋಕ. ಮನೆ, ಅಂಗಡಿ, ಶಾಲೆ, ಚರ್ಚು ಎಲ್ಲವೂ ಕಂಪನಿಯವು. ಉತ್ತರ ಕ್ಯಾರೊಲಿನಾದ ಗ್ಯಾಸ್ಟೋನಿಯಾದ ಲೋರೇ ಗಿರಣಿಯಲ್ಲಿ 1929ರಲ್ಲಿ ಮುಷ್ಕರ ನಡೆದು ಪೊಲೀಸ್ ಮುಖ್ಯಸ್ಥನೂ ಕಾರ್ಮಿಕ ನಾಯಕಿ ಎಲ್ಲಾ ಮೇ ವಿಗಿನ್ಸ್ ಕೂಡ ಗುಂಡಿಗೆ ಬಲಿಯಾದರು. ಆ ಊರಿನ ಗಿರಣಿ ಮತ್ತು ಚರ್ಚುಗಳ ಸಂಬಂಧವನ್ನು ಲಿಸ್ಟನ್ ಪೋಪ್ ಎಂಬ ವಿದ್ವಾಂಸ 1942ರ ತನ್ನ ಪುಸ್ತಕದಲ್ಲಿ ಬಿಡಿಸಿಟ್ಟ. ಗಿರಣಿ ಹಳ್ಳಿಯ ಚರ್ಚಿಗೂ ಪಾದ್ರಿಯ ಸಂಬಳಕ್ಕೂ ಗಿರಣಿಯ ಹಣ ಸೇರುತ್ತಿತ್ತು, ಮುಷ್ಕರ ಬಂದಾಗ ಪಾದ್ರಿ ಯಾರ ಕಡೆ ನಿಂತ ಎಂದು ಊಹಿಸಲು ಕಷ್ಟವಿಲ್ಲ. ಅಲ್ಲಿಯ ಪ್ರವಚನಗಳಲ್ಲೂ ದುಡಿಮೆಗೆ ದೊಡ್ಡ ಜಾಗವಿತ್ತು. ಮ್ಯಾಕ್ಸ್ ವೇಬರ್ ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಪ್ರಾಟೆಸ್ಟೆಂಟರ ದುಡಿಮೆಯ ನಿಷ್ಠೆಗೂ ಬಂಡವಾಳಕ್ಕೂ ನಂಟು ಕಟ್ಟಿದ್ದ, ಅದನ್ನೋದಿದ ನಮ್ಮ ಹಲವರು ಕಾಯಕವನ್ನು ಅದರ ಕನ್ನಡ ಜೋಡಿ ಎಂದು ಹೆಮ್ಮೆಪಟ್ಟರು. ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ವೇಬರ್ ವಿವರಿಸಿದ ಭಕ್ತ ದುಡಿದು, ಉಣ್ಣದೆ ಉಳಿಸಿ, ಉಳಿಸಿದ್ದನ್ನು ಮತ್ತೆ ದುಡಿಮೆಗೆ ಹಾಕುತ್ತಾನೆ. ಲಕ್ಕಮ್ಮ ಅವನನ್ನು ಬಾಗಿಲಲ್ಲೇ ತಡೆದು ಕಳಿಸುತ್ತಿದ್ದಳು.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳು ಬರುತ್ತವೆ, ಅವುಗಳಲ್ಲಿ ಮೊದಲನೆಯದು ಗೀತೆಯ ಕಡೆಯಿಂದ. ಕರ್ಮ ಮಾಡುವವನು ಫಲವನ್ನು ನೋಡಬಾರದು ಎಂದ ಮೇಲೆ, ಫಲ ಮಾಲಿಕನಿಗೆ ಹೋದರೇನು, ಬಡ್ಡಿಗೆ ಹೋದರೇನು? ಮನಸ್ಸು ಶುದ್ಧವಾಗಿದ್ದರೆ ಸಾಂಚಾದ ಮುಂದೆ ನಿಂತವನದೂ ಯೋಗವೇ ತಾನೆ? ಹೌದು, ಆಗಬಹುದು. ಗಿರಣಿಯಲ್ಲಿ ದುಡಿದ ಯಾರೊಬ್ಬನೂ ತನ್ನ ಕೆಲಸವನ್ನು ಪೂಜೆ ಎಂದು ಮಾಡಲಿಲ್ಲ ಎನ್ನುವಷ್ಟು ಸೊಕ್ಕು ನನಗಿಲ್ಲ. ಎಷ್ಟೋ ಜನ ಮಾಡಿರಬೇಕು, ಖಂಡೇ ಪೂಜೆಯ ದಿನ ಯಂತ್ರಕ್ಕೆ ಹೂ ಮುಡಿಸಿ ಕಾಯಿ ಒಡೆಯುವುದು ಬರೀ ರೂಢಿಯಾಗಿರಲಾರದು. ಆದರೆ ಫಲದ ಆಸೆ ಬಿಡು ಎಂಬುದು ದುಡಿಯುವವನು ತನಗೆ ತಾನೇ ಹೇಳಿಕೊಳ್ಳುವ ಮಾತು. ಫಲ ಉಣ್ಣುವವನು ಅದನ್ನು ಹೇಳಿದ ಕ್ಷಣಕ್ಕೆ ಅದು ಬೇರೆ ಮಾತಾಗುತ್ತದೆ. ಏಕಾದಶಿಯ ಉಪವಾಸವೂ ಬರಗಾಲದ ಹಸಿವೂ ಹೊಟ್ಟೆಯ ಮಟ್ಟಿಗೆ ಒಂದೇ. ಉಪವಾಸ ಮಾಡಿದವನು ತನ್ನ ಹಸಿವನ್ನು ವ್ರತ ಎನ್ನಬಹುದು. ಕಣಜಕ್ಕೆ ಬೀಗ ಹಾಕಿ ಕೂತ ಗೌಡ ಬಾಗಿಲಲ್ಲಿ ನಿಂತವರನ್ನು ನೋಡಿ ಇವರೆಲ್ಲ ಎಂಥ ವ್ರತನಿಷ್ಠರು ಅಂದರೆ ಊರು ಅವನನ್ನು ಏನೆಂದು ಕರೆದೀತು? ದುಡಿಮೆಯ ವಿಷಯದಲ್ಲಿ ನಾವು ಆ ಗೌಡನ ಮಾತನ್ನು ಸ್ಮರಣ ಸಂಚಿಕೆಗಳಲ್ಲಿ ಗೌರವದಿಂದ ಅಚ್ಚು ಹಾಕಿಸಿದ್ದೇವೆ.

ಎರಡನೆಯ ಎದುರು ಮಾತು ಹೆಚ್ಚು ತೂಕದ್ದು, ಅದನ್ನು ಆಡುವವರು ಪುಸ್ತಕ ಓದಿದವರಲ್ಲ, ಬರ ಕಂಡವರ ಮಕ್ಕಳು. ಜುನಿ ಮಿಲ್ ಶುರುವಾದ 1877 ಯಾವ ವರ್ಷ? 1876ರಿಂದ 78ರ ತನಕ ದಖ್ಖನಿನ ಊರೂರನ್ನೇ ಬರಿದು ಮಾಡಿದ ಮಹಾ ಬರದ ನಟ್ಟನಡುವಿನ ವರ್ಷ. ಭೀಮಾ ತೀರದ ಒಣ ಹೊಲದಲ್ಲಿ ಜೋಳ ಬಾರದಿದ್ದಾಗ, ಸಾಲ ಕೊಟ್ಟವನು ಮನೆಗೆ ಬಂದು ಕೂತಾಗ, ಗಿರಣಿಯ ಭೋಂಗಾ ಒಂದು ಬದುಕಿನ ಕರೆಯಾಗಿತ್ತು. ಜೊತೆಗೆ ಊರಲ್ಲಿದ್ದರೆ ಹುಟ್ಟಿದ ಜಾತಿಯ ಕೆಲಸವೇ ಗತಿ. ಗಿರಣಿಯಲ್ಲಿ ಹಾಜರಿ ಪುಸ್ತಕಕ್ಕೆ ಜಾತಿ ಇಲ್ಲ, ಬಟವಾಡೆಗೆ ಜಾತಿ ಇಲ್ಲ. ಹೆಂಗಸಿನ ಕೈಗೆ ಮೊದಲ ಸಲ ರೊಕ್ಕ ಬಂದದ್ದು ಅಲ್ಲಿ. ಇಂಥ ಬಿಡುಗಡೆಯನ್ನು ಕಾಯಕ ಎನ್ನಬಾರದೇ? ಬಿಡುಗಡೆ ಎಂದು ಧಾರಾಳವಾಗಿ ಎನ್ನಬಹುದು, ಅದರ ಬೆಲೆ ನಾನು ಕಡಿಮೆ ಮಾಡುವುದಿಲ್ಲ. ಆದರೆ ಎರಡು ಮಾತು ಸೇರಿಸಬೇಕು. ಕಾರ್ಮಿಕನನ್ನು ಪಟ್ಟಣ ಸೆಳೆದದ್ದಲ್ಲ, ಹಳ್ಳಿ ನೂಕಿದ್ದು ಎಂದು ಆ ರಾಯಲ್ ಕಮಿಷನ್ನೇ ಬರೆದಿದೆ. ಬೇರೆ ದಾರಿ ಇಲ್ಲದ್ದರಿಂದ ಹಿಡಿದ ದಾರಿ ಒಳ್ಳೆಯದೇ ಆಗಿರಬಹುದು, ಆಯ್ಕೆ ಮಾತ್ರ ಆಗುವುದಿಲ್ಲ. ಮೋಳಿಗೆ ಮಾರಯ್ಯನಿಗೆ ಹಿಂದೆ ಒಂದು ಅರಮನೆ ಇತ್ತು, ಅದಕ್ಕೇ ಅವನ ಸೌದೆ ಹೊರೆಗೆ ಆ ತೂಕ. ಇನ್ನು ಜಾತಿಯ ಮಾತು. ಹಾಜರಿ ಪುಸ್ತಕದಲ್ಲಿ ಇಲ್ಲದ ಜಾತಿ ಸಾಂಚಾದ ಮೇಲಿತ್ತು. ಮುಂಬಯಿ ಗಿರಣಿಗಳಲ್ಲಿ ನೇಯ್ಗೆ ಖಾತೆಯ ಕೂಲಿ ಹೆಚ್ಚು, ಆದರೆ ಲಾಳಿಯ ಕಣ್ಣಿನಿಂದ ನೂಲನ್ನು ಬಾಯಿಂದ ಹೀರಿ ತೆಗೆಯಬೇಕಿತ್ತು. ಅಸ್ಪೃಶ್ಯರ ಬಾಯಿ ತಾಗಿದ ಲಾಳಿಯನ್ನು ಉಳಿದವರು ಮುಟ್ಟುವುದಿಲ್ಲ ಎಂಬ ಕಾರಣಕ್ಕೆ ಆ ಖಾತೆಯ ಬಾಗಿಲು ಅವರಿಗೆ ಮುಚ್ಚಿತ್ತು. ಅಂಬೇಡ್ಕರ್ ಅದನ್ನು ಕಾರ್ಮಿಕ ಸಂಘದ ಮುಂದೆಯೇ ಎತ್ತಿ ಕೇಳಬೇಕಾಯಿತು. ಹರಳಯ್ಯ ಮಧುವರಸರು ಬೀಗರಾಗಿ ಅದಕ್ಕೆ ಪ್ರಾಣದ ಬೆಲೆ ತೆತ್ತ ಕಲ್ಯಾಣದ ಪದವನ್ನು ಆ ಲಾಳಿಯ ಮೇಲೆ ಅಂಟಿಸುವ ಮುನ್ನ ಸ್ವಲ್ಪ ಯೋಚಿಸಬೇಕು.

ಮೂರನೆಯ ಎದುರು ಮಾತನ್ನು ಯಾರೂ ನೇರವಾಗಿ ಆಡಿದ್ದನ್ನು ನಾನು ಕಂಡಿಲ್ಲ, ಆದರೆ ಎಲ್ಲಕ್ಕಿಂತ ಕಠಿಣವಾದದ್ದು ಅದೇ. ಗಿರಣಿ ಬಿಡಿ, ಸಿದ್ಧರಾಮನ ಕೆರೆಯ ಕತೆ ಏನು? ಕೆರೆಯನ್ನು ಸಿದ್ಧರಾಮ ಒಬ್ಬನೇ ತೋಡಲಿಲ್ಲ. ಸಾವಿರಾರು ಜನ ಗುದ್ದಲಿ ಹಿಡಿದರು, ಮಣ್ಣು ಹೊತ್ತರು, ಹೆಸರು ಉಳಿದದ್ದು ಸಿದ್ಧರಾಮನದು. ಹಾಗಾದರೆ ಅವನೂ ಒಬ್ಬ ಮಾಲಿಕನೇ? ಅವನ ಕೆರೆಗೆ ಕಾಯಕ ಎಂಬ ಹೆಸರು ಸಲ್ಲುವುದಾದರೆ ಗಿರಣಿಗೆ ಏಕೆ ಸಲ್ಲದು? ಉತ್ತರ ಅದೇ ಪರಂಪರೆಯೊಳಗೇ ಇದೆ. ಶೂನ್ಯಸಂಪಾದನೆಯ ಪ್ರಸಂಗ ಬಲ್ಲವರಿಗೆ ನೆನಪಿರಬಹುದು. ಅಲ್ಲಮ ಸೊನ್ನಲಿಗೆಗೆ ಬಂದು, ಕೆರೆ ಕೆಲಸದ ಜನರ ಎದುರೇ ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳುತ್ತಾನೆ. ಸಿಟ್ಟಿಗೆದ್ದ ಜನ ಅವನಿಗೆ ಕಲ್ಲೆಸೆಯುತ್ತಾರೆ. ಆಮೇಲೆ ನಡೆಯುವ ಸಂವಾದದಲ್ಲಿ ಅಲ್ಲಮ ಕೆರೆಯನ್ನು ಅಲ್ಲಗಳೆಯುವುದಿಲ್ಲ, ಕೆರೆ ಕಟ್ಟಿಸಿದೆನೆಂಬ ಅರಿವಿನ ಕೆಳಗೆ ಅಡಗಿ ಕೂತ ನಾನು ಎಂಬುದನ್ನು ಅಲ್ಲಗಳೆಯುತ್ತಾನೆ. ಈ ಪ್ರಸಂಗವನ್ನು ನಾವು ಯಾವಾಗಲೂ ಸಿದ್ಧರಾಮನ ಅಧ್ಯಾತ್ಮದ ಮೆಟ್ಟಿಲಾಗಿ ಓದುತ್ತೇವೆ: ಕರ್ಮಯೋಗಿ ಶಿವಯೋಗಿಯಾದ, ಕೊನೆಗೆ ಕಲ್ಯಾಣದ ಶೂನ್ಯಪೀಠವನ್ನೂ ಏರಿದ. ನನಗೆ ಅದರಲ್ಲಿ ಇನ್ನೊಂದು ಅರ್ಥ ಕಾಣುತ್ತದೆ. ಒಡ್ಡ ಎಂದರೆ ಮಣ್ಣು ಅಗೆಯುವವನು. ಅಲ್ಲಮ ಬೈಗುಳವಾಗಿ ಬಳಸಿದ ಆ ಪದ ಸಿದ್ಧರಾಮನನ್ನು ಅವನ ಕೂಲಿಯಾಳುಗಳ ಸಾಲಿಗೇ ತಂದು ನಿಲ್ಲಿಸಿತು. ಕೆರೆಯ ಯಜಮಾನ ಎಂಬ ಹೆಸರು ಕಳೆದುಹೋದ ಮೇಲೆಯೇ ಅವನಿಗೆ ಮುಂದಿನ ದಾರಿ ತೆರೆದದ್ದು. ಯಾವ ಗಿರಣಿಯ ಗೇಟಿಗೆ ಅಂಥ ಅಲ್ಲಮ ಬಂದ, ಬಂದಿದ್ದರೆ ಯಾವ ಮಾಲಿಕ ಅವನ ಜೊತೆ ಕೂತು ಮಾತಾಡಿದ? ಇನ್ನೂ ಒಂದು ವ್ಯತ್ಯಾಸ ಉಂಟು. ಕೆರೆಯ ನೀರಿಗೆ ಹಾಜರಿ ಪುಸ್ತಕವಿಲ್ಲ. ತೋಡಿದವರ ಮಕ್ಕಳೂ ತೋಡದವರ ದನಗಳೂ ಕುಡಿದವು. ಸಿದ್ಧರಾಮನ ಗದ್ದುಗೆ ಆ ಕೆರೆಯ ನಡುವೆಯೇ ಇದೆ, ಅಲ್ಲಿಗೆ ಹೋಗಲು ಪಾಸು ಬೇಡ.

ಹಾಗಾದರೆ ಮಾಲಿಕರು ಕಟ್ಟಿಸಿದ ಆಸ್ಪತ್ರೆ, ಶಾಲೆ, ಮನೆಗಳು ದಾಸೋಹವಲ್ಲವೇ ಎಂದು ಕೇಳಬಹುದು. ಗೋಕಾಕ ಫಾಲ್ಸಿನಂಥ ಗಿರಣಿಯ ಊರಿನಲ್ಲಿ ಕಂಪನಿಯೇ ಇವನ್ನು ನಡೆಸಿತು, ಅದರಿಂದ ಓದಿದವರಿದ್ದಾರೆ, ಬದುಕಿದವರಿದ್ದಾರೆ. ನ್ಯೂ ಲ್ಯಾನಾರ್ಕಿನ ರಾಬರ್ಟ್ ಓವೆನ್ 1816ರಲ್ಲೇ ಗಿರಣಿಯವರಿಗಾಗಿ ಶೀಲ ರೂಪಿಸುವ ಶಾಲೆ ತೆರೆದಿದ್ದ, ಆ ಕಾಲಕ್ಕೆ ಅವನಷ್ಟು ಕರುಣೆಯ ಮಾಲಿಕ ವಿರಳ. ಗಾಂಧಿಯವರೂ 1918ರ ಅಹಮದಾಬಾದ್ ಮುಷ್ಕರದಲ್ಲಿ ಕಾರ್ಮಿಕರಿಗಾಗಿ ಉಪವಾಸ ಕೂತವರೇ ಆದರೂ, ಮಾಲಿಕ ತನ್ನ ಸಂಪತ್ತಿಗೆ ಧರ್ಮದರ್ಶಿಯಾಗಬೇಕು ಎಂದೇ ಕೊನೆಯ ತನಕ ನಂಬಿದರು. ಇದಕ್ಕೆ ನಮ್ಮ ಸೀಮೆಯದೇ ಒಂದು ಅಳತೆಗೋಲು ಇದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸಪ್ಪ ತನ್ನ ಹೊಲದ ಹಕ್ಕಿಗಳನ್ನು ಓಡಿಸಲಿಲ್ಲ, ಅವು ತೆನೆ ತಿಂದು ಬಾಯಾರಿದಾವೆಂದು ನೀರೂ ಇಟ್ಟ. ಮುಂದೆ ಕಲಬುರಗಿಯಲ್ಲಿ ಅವನ ಹೆಸರಿನ ದಾಸೋಹ ಬೆಳೆಯಿತು. ತೆನೆ ತಿಂದ ಹಕ್ಕಿ ನಾಳೆ ಬಂದು ಕಳೆ ಕೀಳಬೇಕೆಂಬ ಕರಾರು ಅಲ್ಲಿರಲಿಲ್ಲ. ಕಂಪನಿಯ ಕ್ವಾರ್ಟರ್ಸಿಗೆ ಕರಾರು ಇತ್ತು. ಕೆಲಸ ಹೋದರೆ ಮನೆಯೂ ಹೋಯಿತು, ಮುಷ್ಕರಕ್ಕೆ ಇಳಿದವನ ಹೆಂಡತಿ ಮಕ್ಕಳಿಗೆ ಮೊದಲು ನಡುಕ ಹುಟ್ಟಿಸುತ್ತಿದ್ದುದು ಹಸಿವಲ್ಲ, ನೋಟೀಸು. ಗೋಡೆ, ಮಾಡು, ಬಚ್ಚಲು ಎಲ್ಲ ಚೆನ್ನಾಗಿರಬಹುದು. ಆದರೆ ಬಾಗಿಲ ಚಿಲಕ ಹೊರಗಿನಿಂದ ಇರುವ ಮನೆಗೆ ದಾಸೋಹ ಎನ್ನಲು ನಾಲಗೆ ಹೊರಳುವುದಿಲ್ಲ. ಅದನ್ನು ಸವಲತ್ತು ಎನ್ನೋಣ. ಸವಲತ್ತು ಕೆಟ್ಟ ಪದವೇನಲ್ಲ.

ಶರಣರ ಕಾಲದ ಕೈಕಸುಬಿನ ಅಳತೆಯನ್ನು ಯಂತ್ರಯುಗಕ್ಕೆ ಹಿಡಿಯುವುದೇ ತಪ್ಪು ಎನ್ನುವವರಿಗೆ ಒಂದೇ ಮಾತಿನ ಉತ್ತರ: ಹಿಡಿದವರು ನಾವಲ್ಲ. ಪದವನ್ನು ಅಲ್ಲಿಗೆ ಒಯ್ದವರು ಅದರ ಅಳತೆಯನ್ನೂ ಒಯ್ಯಬೇಕಿತ್ತು.

ಹಾಗೆಂದು ಗಿರಣಿಯ ಊರಿನಲ್ಲಿ ಕಾಯಕವೇ ಇರಲಿಲ್ಲ ಎಂಬುದು ನನ್ನ ತೀರ್ಮಾನವಲ್ಲ. ಇತ್ತು, ಆದರೆ ನಾವು ಹುಡುಕುವ ಜಾಗ ತಪ್ಪು. ಪಾಳಿ ಮುಗಿಸಿ ಬಂದ ಮೇಲೆ ಚಾಳದ ಅಂಗಳದಲ್ಲಿ ಕೂಡುತ್ತಿದ್ದ ಭಜನೆ, ಬಟವಾಡೆಯಿಂದ ಮೊದಲು ತೆಗೆದಿಟ್ಟು ಊರಿಗೆ ಕಳಿಸುತ್ತಿದ್ದ ಮನಿಯಾರ್ಡರು, ಬದಲಿಗೆ ಕಾಯುತ್ತಿದ್ದ ಊರಿನವನಿಗೆ ಖೋಲಿಯಲ್ಲಿ ಕೊಟ್ಟ ಚಾಪೆಯಗಲ ಜಾಗ, ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜ ಹೊತ್ತವರ ಹಿಂದೆ ನಡೆದ ನಡಿಗೆ: ಇಲ್ಲೆಲ್ಲ ಎಷ್ಟು, ಯಾರಿಗೆ, ಏಕೆ ಎಂದು ತೀರ್ಮಾನಿಸಿದವರು ದುಡಿದವರೇ. 1930ರ ಮೇ ತಿಂಗಳಲ್ಲಿ ಗಾಂಧಿಯವರ ಬಂಧನದ ಸುದ್ದಿ ಬಂದಾಗ ಸೊಲ್ಲಾಪುರದ ಗಿರಣಿ ಜನ ಕೆಲಸ ಬಿಟ್ಟು ಬೀದಿಗೆ ಬಂದರು, ಗಲಭೆಯಾಯಿತು. ಸರಕಾರ ಊರಿಗೆ ಮಾರ್ಶಲ್ ಲಾ ಹೇರಿತು. ಆ ಗಲಭೆಯ ಹೆಸರಿನಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ನಾಲ್ವರನ್ನು 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿತು. ಬೇಡ ಎನ್ನುವ ಹಕ್ಕು ಕಾಯಕದ ಮೊದಲ ಲಕ್ಷಣವಾದರೆ, ಗಿರಣಿಯ ಜನ ಅದನ್ನು ಪಡೆದದ್ದು ಸಾಂಚಾ ನಡೆಸಿದ ದಿನಗಳಲ್ಲಲ್ಲ, ನಿಲ್ಲಿಸಿದ ದಿನಗಳಲ್ಲಿ. ಮುಷ್ಕರವನ್ನು ಕಾಯಕ ಎನ್ನುವುದು ಕೆಲವರಿಗೆ ಅಪಚಾರವಾಗಿ ಕೇಳೀತು. ನೀರಿಗೆ ಬಿದ್ದ ಲಿಂಗವನ್ನು ಅಲ್ಲೇ ಬಿಟ್ಟು ನಡೆದ ಚಂದಯ್ಯನ ಕಥೆಯೂ ಆ ಕಾಲಕ್ಕೆ ಹಾಗೇ ಕೇಳಿರಬೇಕು.

ಕಟ್ಟಡಗಳು ಈಗ ಬಹುಪಾಲು ಹೋದವು. ಸೊಲ್ಲಾಪುರದ ಆ ದೊಡ್ಡ ಹಳೆಯ ಗಿರಣಿಗಳು ಮುಚ್ಚಿವೆ. ಕಲಬುರಗಿಯ ಗಿರಣಿ 1974ರ ರಾಷ್ಟ್ರೀಕರಣದಲ್ಲಿ ಸರಕಾರದ ಕೈಗೆ ಬಂದು, ಕೊನೆಗೆ ಅದೂ ನಿಂತಿತು. ನ್ಯೂ ಲ್ಯಾನಾರ್ಕ್, ಸಾಲ್ಟೇರ್ ಎರಡೂ 2001ರಲ್ಲಿ ವಿಶ್ವ ಪರಂಪರೆಯ ತಾಣಗಳಾದವು. ಗ್ಯಾಸ್ಟೋನಿಯಾದ ಲೋರೇ ಗಿರಣಿ ಬಾಡಿಗೆ ಮನೆಗಳಾಗಿದೆ. ನಮ್ಮಲ್ಲೂ ಉಳಿದ ಚಿಮಣಿಗಳನ್ನು ಕಾಪಾಡಬೇಕೆಂಬ ಮಾತು ಆಗಾಗ ಏಳುತ್ತದೆ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಚಿಮಣಿಗಿಂತ ಮೊದಲು ಹಾಜರಿ ಪುಸ್ತಕಗಳನ್ನು, ಬಟವಾಡೆಯ ಚೀಟಿಗಳನ್ನು, ಸೆಟ್ಲಮೆಂಟಿನ ಪಾಸುಗಳನ್ನು ಹುಡುಕಿ ಇಡಬೇಕು. ಚಿಮಣಿ ಕಟ್ಟಿಸಿದವನ ಹೆಸರು ಹೇಗೂ ಕಲ್ಲಿನಲ್ಲಿ ಕೊರೆದಿರುತ್ತದೆ. ಸ್ಥಾವರ ಜಂಗಮಗಳ ವ್ಯತ್ಯಾಸವನ್ನು ಬಾಯಿಪಾಠ ಮಾಡಿದ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರಶ್ನೆಗೆ ಇಂದಿನ ತುರ್ತೂ ಇದೆ. 2023ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಏಳು ರಾಜ್ಯಗಳಿಗೆ ಬೃಹತ್ ಜವಳಿ ಪಾರ್ಕುಗಳನ್ನು ಘೋಷಿಸಿತು. ಕರ್ನಾಟಕದ ಪಾಲಿನದು ಕಲಬುರಗಿಗೆ ಬಂದಿದೆ, ಹೊನ್ನಕಿರಣಗಿಯ ಬಳಿ ಸಾವಿರ ಎಕರೆ. ಅದು ನಡೆಯತೊಡಗಿದರೆ ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಗಡಿ ದಾಟದೆಯೇ ನೂಲಿನ ಕೆಲಸಕ್ಕೆ ಹೋಗಬಹುದು, ಹೋಗಲಿ, ಒಳ್ಳೆಯದೇ. ಅದಕ್ಕೂ ಗೇಟು ಏಳುತ್ತದೆ, ಗೇಟಿನ ಮೇಲೆ ಬೋರ್ಡು ಏಳುತ್ತದೆ. ಆ ಬೋರ್ಡಿನಲ್ಲಿ ಕಾಯಕ ಎಂಬ ಪದ ಬರೆಸಬೇಕೆಂದು ಯಾರಿಗಾದರೂ ಹೊಳೆದರೆ, ದಯವಿಟ್ಟು ಗೇಟು ತೆರೆದು ಹತ್ತು ವರ್ಷ ಕಳೆಯುವ ತನಕ ತಡೆಯಿರಿ. ಆಮೇಲೆ ಒಳಗೆ ದುಡಿದವರನ್ನು ಕೇಳಿ ಬರೆಸಿರಿ.